ಮೊರದ ಮೇಲೆ ಹಾರುವ ಹುಂಜ

ರಂಗಕ್ಕನ ಕೋಳಿಗಳಿಗೆ ಇರುವಷ್ಟು ಬುದ್ಧಿ ಊರಿನ ಅರ್ಧ ಗಂಡಸರಿಗಿಲ್ಲ. ಇದು ನಾವು ಹೇಳಿದ ಮಾತಲ್ಲ, ರಂಗಕ್ಕನೇ ನಾಲ್ಕು ಜನರ ಮುಂದೆ ಹೇಳುತ್ತಿದ್ದದ್ದು. ನಿನ್ನ ಗಂಡ ಓಬಳಯ್ಯ ಯಾವ ಅರ್ಧಕ್ಕೆ ಸೇರುತ್ತಾನೆ ಎಂದು ಯಾರಾದರೂ ಕೆಣಕಿದರೆ, "ಅದು ದಿನಾ ಒಂದೊಂದು ತರ ಕಣಮ್ಮ, ಇವತ್ತು ನೋಡ್ಕಂಡು ನಾಳೆ ಹೇಳ್ತೀನಿ" ಎನ್ನುವಳು. ಓಬಳಯ್ಯ ಜಗುಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, ಕೇಳಿಸದವನ ಹಾಗೆ ಎಲೆಗೆ ಸುಣ್ಣ ಹಚ್ಚುವನು.

ಪುರವರದಿಂದ ಎರಡು ಮೈಲಿ ಒಳಕ್ಕೆ ಅವರ ಊರು. ರಂಗಕ್ಕ ಹುಟ್ಟಿದ್ದು ಕೊಳಾಲದ ಕಡೆ. ಹದಿನೇಳು ವರ್ಷಕ್ಕೆ ಲಗ್ನವಾಗಿ ಬರುವಾಗ ಅವಳ ಅವ್ವ ಮಡಿಲಕ್ಕಿಯ ಜೊತೆಗೆ ಮೊಟ್ಟೆಯಿಡುವ ಒಂದು ಹ್ಯಾಟೆ ಕೋಳಿಯನ್ನೂ ಕಂಕುಳಿಗೆ ಕೊಟ್ಟು, "ಗಂಡ ಬೈದ್ರೆ ಇದ್ನ ನೋಡ್ಕಂಡು ಸುಮ್ನಿರು" ಎಂದಿದ್ದಳಂತೆ. ಆ ಹ್ಯಾಟೆಯ ಮರಿಗಳ ಮರಿಗಳೇ ಈಗಲೂ ತನ್ನ ಅಂಗಳದಲ್ಲಿ ಕೆದಕುತ್ತಿರುವುದು ಎಂದು ರಂಗಕ್ಕನ ವಾದ. ನಡುವೆ ಎರಡು ಸಲ ರೋಗ ಬಡಿದು ಎಲ್ಲಾ ಸತ್ತು, ಬೇರೆ ಊರಿಂದ ಹೊಸ ಕೋಳಿ ತಂದದ್ದನ್ನು ಓಬಳಯ್ಯ ನೆನಪಿಸಿದರೆ, "ಅವೂ ನಮ್ಮವ್ವನ ಕೋಳಿ ವಂಶದವೇ. ನಿಂಗೇನ್ ಗೊತ್ತು" ಎಂದು ಬಾಯಿ ಮುಚ್ಚಿಸುವಳು.

ಹ್ಯಾಟೆಯ ಜೊತೆ ಅವ್ವನಿಂದ ಬಂದ ಇನ್ನೊಂದು ಆಸ್ತಿ ಎಂದರೆ ಕೂಗು. ಕೋಳಿ ಕರೆಯುವ ಕೂಗು ಮನೆಮನೆಗೂ ಬೇರೆ. ಒಬ್ಬರು ಕರೆದರೆ ಇನ್ನೊಬ್ಬರ ಕೋಳಿ ತಲೆ ಎತ್ತುವುದಿಲ್ಲ. ರಂಗಕ್ಕ ಬೆಳಿಗ್ಗೆ ಮೊರದಲ್ಲಿ ನುಚ್ಚು ಹಿಡಿದು ಅಂಗಳಕ್ಕಿಳಿದು, "ಬಾ ಬಾ ಬಾ ಬಾ, ಕೊಕ್ಕೊಕ್ಕೊಕ್ಕೋ" ಎಂದು ಕೊನೆಯನ್ನು ಮೇಲಕ್ಕೆಳೆದು ಬಿಟ್ಟಳೆಂದರೆ ಹುಣಸೆಮರದ ಮೇಲಿದ್ದವು, ತಿಪ್ಪೆಯಲ್ಲಿದ್ದವು, ಪಕ್ಕದ ಮನೆಯ ಸೊಪ್ಪಿನ ಮಡಿಯಲ್ಲಿ ಕದ್ದು ಮೇಯುತ್ತಿದ್ದವು, ಎಲ್ಲವೂ ಬಿದ್ದೆನೋ ಎದ್ದೆನೋ ಎಂದು ಓಡಿ ಬರುವವು. ನಲವತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಆ ಕೂಗಿಗೆ ಸಂಚಕಾರ ಬಂದದ್ದು ಮೊಮ್ಮಗಳು ರಕ್ಷಾಳಿಂದ.

ರಂಗಕ್ಕನ ಮಗ ನರಸಿಂಹರಾಜು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಸೊಸೆ ಮಂಜುಳಾ ಮಧುಗಿರಿಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುವವಳು. ಬೆಳಿಗ್ಗೆ ಏಳೂವರೆಗೆ ವ್ಯಾನು ಬಂದು ಹಾರ್ನ್ ಹೊಡೆದರೆ ತಲೆಗೆ ಕ್ಲಿಪ್ಪು ಸಿಕ್ಕಿಸಿಕೊಳ್ಳುತ್ತಲೇ ಓಡುವವಳು. ಅವರ ಮಗಳು ರಕ್ಷಾಗೆ ಎರಡು ವರ್ಷ ತುಂಬಿ ಮೇಲೆ ನಾಲ್ಕು ತಿಂಗಳು. ಹಗಲೆಲ್ಲ ಅವಳು ಅಜ್ಜಿಯ ಸೊಂಟ, ಅಜ್ಜಿಯ ಸೆರಗು, ಅಜ್ಜಿಯ ತಟ್ಟೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಗಳ ಮುಖ ನೋಡಬಹುದೆಂದು ಮಂಜುಳಾ ತನ್ನ ಹಳೆಯ ಫೋನನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಫೋನಿನ ಒಂದು ಮೂಲೆ ಸೀಳಿತ್ತು, ಉಳಿದಂತೆ ಗಟ್ಟಿಮುಟ್ಟು.

ಆ ಫೋನಿನಲ್ಲಿ ಒಂದು ವಿಡಿಯೋ ಇತ್ತು. ಯಾವುದೋ ಭಾನುವಾರ ಬೆಳಿಗ್ಗೆ ನರಸಿಂಹರಾಜು ಹಲ್ಲುಜ್ಜುತ್ತಾ ಒಂದು ಕೈಯಲ್ಲಿ ಹಿಡಿದು ತೆಗೆದದ್ದು. ಒಂದು ನಿಮಿಷವೂ ಇಲ್ಲ. ರಂಗಕ್ಕ ಮೊರ ಹಿಡಿದು ಬರುತ್ತಾಳೆ. "ಬಾ ಬಾ ಬಾ ಬಾ, ಕೊಕ್ಕೊಕ್ಕೊಕ್ಕೋ" ಎನ್ನುತ್ತಾಳೆ. ಕೋಳಿಗಳು ಓಡಿ ಬರುತ್ತವೆ. ಅಷ್ಟರಲ್ಲಿ ಗೋಡೆಯ ಮೇಲಿಂದ ಕೆಂಪು ಕುತ್ತಿಗೆಯ ಹುಂಜವೊಂದು ಹಾರಿ ಬಂದು ನೇರವಾಗಿ ಮೊರದ ಮೇಲೇ ಕೂರುತ್ತದೆ. ಮೊರ ಮಗುಚಿ ನುಚ್ಚೆಲ್ಲ ಚೆಲ್ಲುತ್ತದೆ. "ಅಯ್, ನಿನ್ ಬಾಯ್ಗೆ ಮಣ್ಣಾಕ" ಎಂದು ರಂಗಕ್ಕ ಸೆರಗು ಬೀಸುತ್ತಾಳೆ. ಕೊನೆಗೆ ಚಿತ್ರದಲ್ಲಿ ಕಾಣದ ಓಬಳಯ್ಯ ಎಲ್ಲಿಂದಲೋ ಎರಡು ಸಲ ಕೆಮ್ಮುತ್ತಾನೆ. ಅಷ್ಟೇ.

ರಕ್ಷಾಗೆ ಇದನ್ನು ಬಿಟ್ಟು ಲೋಕದಲ್ಲಿ ಬೇರೆ ಏನೂ ಬೇಡ. ಹಾಡುವ ಆನೆ, ಕುಣಿಯುವ ಬಸ್ಸು, ಕಣ್ಣು ಹೊಡೆಯುವ ಚಂದಮಾಮ, ಎಲ್ಲವನ್ನೂ ಅವರಪ್ಪ ತೋರಿಸಿ ನೋಡಿದ. ಫೋನಿನ ಮೇಲೆ ಪಟಾರನೆ ಒಂದು ಏಟು ಬಿತ್ತು. ಅಜ್ಜಿಯ ಕೋಳಿ ವಿಡಿಯೋ ಬಂದರೆ ಮಾತ್ರ ಕಣ್ಣು ಅರಳುವುದು. ಮುಗಿದ ಕೂಡಲೆ ತೋರುಬೆರಳನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿಯುವಳು. "ತಿರ್ಗಾನಾ?" ಎಂದು ರಂಗಕ್ಕ ಕೇಳುವಳು. ಬೆರಳು ಅಲ್ಲಾಡುವುದು. ರಂಗಕ್ಕ ಒತ್ತುವಳು. ರಾಗಿ ಹಿಟ್ಟಿನ ಕೈಯಲ್ಲಿ ಒತ್ತಿದಳು, ಹುಣಸೆಹಣ್ಣು ಕುಟ್ಟಿ ಅಂಟಾದ ಕೈಯಲ್ಲಿ ಆಗದೆ ಮೊಣಕೈಯಲ್ಲಿ ಒತ್ತಿದಳು, ಎರಡೂ ಕೈ ಸಗಣಿಯಲ್ಲಿದ್ದ ದಿನ ಮೂಗಿನ ತುದಿಯಲ್ಲೂ ಒತ್ತಿದಳು. ಒತ್ತುವಾಗೆಲ್ಲ "ತಿರ್ಗಾನಾ? ತಗಾ ತಿರ್ಗಾ" ಎನ್ನುವುದು ರೂಢಿಯಾಯಿತು.

"ಅಲ್ಲ ಕಣೆ, ಅದೇ ಹುಂಜ, ಅದೇ ಮೊರ, ಅದೇ ಬೈಗುಳ. ಬ್ಯಾಸ್ರ ಆಗಲ್ವಾ ಈ ಮಗೀಗೆ?" ಎಂದು ಓಬಳಯ್ಯ ಒಂದು ದಿನ ಕೇಳಿದ.

"ನೀನು ಪಾವಗಡದ ಬಸ್ಸಲ್ಲಿ ಟಿಕೆಟ್ ಕಳ್ಕಂಡಿದ್ದ ಕತೆನ ನಲವತ್ ವರ್ಷದಿಂದ ಹೇಳ್ತಿದೀಯ. ನಾನು ಕೇಳಿಲ್ವಾ?" ಎಂದಳು ರಂಗಕ್ಕ.

ಆದರೆ ಅವಳು ಮಗುವನ್ನು ಸೂಕ್ಷ್ಮವಾಗಿ ನೋಡಿದ್ದಳು. ಹುಂಜ ಹಾರುವಾಗ ರಕ್ಷಾ ನಗುತ್ತಿರಲಿಲ್ಲ. ಹಾರುವುದಕ್ಕೆ ಸ್ವಲ್ಪ ಮುಂಚೆ, ಗೋಡೆ ಇನ್ನೂ ಖಾಲಿ ಇರುವಾಗಲೇ ಎರಡೂ ಕೈ ಎತ್ತಿ, ಉಸಿರು ಬಿಗಿಹಿಡಿದು ನಗಲು ಶುರು ಮಾಡುತ್ತಿದ್ದಳು. ಬರುತ್ತದೆ ಎಂದು ಗೊತ್ತು, ಬಂದೇ ಬಂತು. ನಂಬಿದ ವಸ್ತು ಪ್ರತಿ ಸಲವೂ ಬರುವುದೆಂದರೆ ದೊಡ್ಡವರಿಗೆ ಎಲ್ಲಿ ಸಿಗುತ್ತದೆ ಆ ಸುಖ. ರಂಗಕ್ಕನಿಗೆ ಇದು ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ, ಆದರೆ ಆ ನಗು ಶುರುವಾಗುವ ಹೊತ್ತಿಗೆ ಅವಳಿಗೂ ನಗು ಬರುತ್ತಿತ್ತು. ಮೊದಮೊದಲು ಮೊಮ್ಮಗಳು ತನ್ನನ್ನೇ ನೋಡುವುದೆಂದು ಬೀಗಿ, ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ಅವಳು ನೋಡುವುದು ಹುಂಜವನ್ನು ಎಂದು ತಿಳಿದ ಮೇಲೆ ಎರಡು ದಿನ ಮುಖ ಸಣ್ಣ ಮಾಡಿಕೊಂಡಿದ್ದಳು.

ಈ ಕಡೆ ಅಂಗಳದಲ್ಲಿ ಬೇರೆಯದೇ ಫಜೀತಿ. ಫೋನಿನೊಳಗಿನ ರಂಗಕ್ಕ ಕರೆದಾಗೆಲ್ಲ ಹೊರಗಿನ ಕೋಳಿಗಳು ಓಡಿ ಬರುತ್ತಿದ್ದವು. ನೋಡಿದರೆ ಮೊರವೂ ಇಲ್ಲ, ನುಚ್ಚೂ ಇಲ್ಲ, ಜಗುಲಿಯ ಮೇಲೆ ಒಂದು ಮಗು ಕೂತಿದೆ. ಹತ್ತು ಸಲ ಮೋಸ ಹೋದವು, ಇಪ್ಪತ್ತು ಸಲ ಹೋದವು. ಆಮೇಲೆ ಬುದ್ಧಿ ಕಲಿತವು. ಎಷ್ಟು ಕಲಿತವೆಂದರೆ ನಿಜವಾದ ರಂಗಕ್ಕ ನಿಜವಾದ ನುಚ್ಚು ಹಿಡಿದು ಗಂಟಲು ಹರಿಯುವಂತೆ ಕೂಗಿದರೂ ತಿಪ್ಪೆಯಿಂದ ಕತ್ತು ತಿರುಗಿಸಿ ನೋಡಿ, ಹೋಗೇ ನೀನು ಎನ್ನುವಂತೆ ಮತ್ತೆ ಕೆದಕತೊಡಗಿದವು. ಸಂಜೆ ಅವನ್ನು ಮಂಕರಿ ಬುಟ್ಟಿಯಡಿಗೆ ಕವುಚಲು ಅರವತ್ತರ ಹೆಂಗಸು ಸೀರೆ ಎತ್ತಿ ಕಟ್ಟಿ ಅಟ್ಟಿಸಿಕೊಂಡು ಹೋಗಬೇಕಾಯಿತು. "ನಿನ್ ಕೂಗು ಸಸ್ತಾ ಆಗೋಯ್ತು ಬುಡು" ಎಂದು ಓಬಳಯ್ಯ ನಕ್ಕ.

ಬುದ್ಧಿ ಕಲಿಯದೆ ಉಳಿದದ್ದು ಆ ಕೆಂಪು ಕುತ್ತಿಗೆಯ ಹುಂಜ ಮಾತ್ರ. ರಂಗಕ್ಕ ಅದನ್ನು ಕೆಂಪ ಎನ್ನುತ್ತಿದ್ದಳು. ಫೋನು ದಿನಕ್ಕೆ ಐವತ್ತು ಸಲ ಕರೆದರೆ ಕೆಂಪ ಐವತ್ತು ಸಲವೂ ಜಗುಲಿಗೆ ಹಾರಿ ಬಂದು, ಕತ್ತು ಓರೆ ಮಾಡಿ ನಿಲ್ಲುತ್ತಿತ್ತು. ರಕ್ಷಾ ತನ್ನ ತಟ್ಟೆಯ ಅನ್ನ, ಕೈಲಿದ್ದ ಬಿಸ್ಕತ್ತು, ಏನಿದ್ದರೂ ಹಾಕುತ್ತಿದ್ದಳು. ಹೀಗೆ ಒಂದೇ ಆಟವನ್ನು ಎಷ್ಟು ಸಲ ಆಡಿದರೂ ಬೇಸರವಾಗದ ಎರಡು ಜೀವಗಳು ಒಂದನ್ನೊಂದು ಕಂಡುಕೊಂಡವು. ಮಗು ಒಂದು ಕಡೆ, ಹುಂಜ ಒಂದು ಕಡೆ, ನಡುವೆ ಫೋನು. ನೋಡಲು ಎರಡು ಕಣ್ಣು ಸಾಲದು.

ಇಷ್ಟೆಲ್ಲ ಚೆನ್ನಾಗಿತ್ತು. ಚೆನ್ನಾಗಿಲ್ಲದ್ದು ಒಂದೇ. ರಕ್ಷಾಗೆ ಮಾತು ಬಂದಿರಲಿಲ್ಲ.

ಅವ್ವ ಎನ್ನುವುದಿಲ್ಲ, ಅಪ್ಪ ಎನ್ನುವುದಿಲ್ಲ. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಚೊಂಬು ತಾ ಎಂದರೆ ತರುತ್ತಾಳೆ, ಬೇಕಾದ್ದಕ್ಕೆ ಬೆರಳು. ಓರಗೆಯ ಮಕ್ಕಳು ಅಂಗನವಾಡಿಯಲ್ಲಿ ಪಟಪಟ ಎನ್ನುತ್ತಿದ್ದವು. ಮಂಜುಳಾ ಕೆಲಸದಿಂದ ಬಂದವಳು ಮಗಳನ್ನು ಎದುರಿಗೆ ಕೂರಿಸಿಕೊಂಡು, "ಅಮ್ಮ ಅನ್ನು ಚಿನ್ನಿ, ಅಮ್ಮ, ಅಮ್ಮ" ಎಂದು ತನ್ನ ತುಟಿಯನ್ನೇ ಮುಟ್ಟಿ ಮುಟ್ಟಿ ತೋರಿಸುವಳು. ಮಗು ಅವಳ ತುಟಿಯನ್ನು ಮುಟ್ಟಿ ನಗುವುದು. ಒಳಕ್ಕೆ ಹೋಗಿ ಸೊಸೆ ಕಣ್ಣೊರೆಸಿಕೊಳ್ಳುವುದನ್ನು ರಂಗಕ್ಕ ಒಂದಲ್ಲ, ಎಷ್ಟೋ ಸಲ ನೋಡಿದಳು. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು. ದೇವಸ್ಥಾನದ ಗಂಟೆ ತೊಳೆದ ನೀರು ಕುಡಿಸಿದ್ದಾಯಿತು. ಕೊನೆಗೆ ಮಧುಗಿರಿಯಲ್ಲಿ ಡಾಕ್ಟರಿಗೆ ತೋರಿಸಿದರು. ಕಿವಿ ಸರಿಯಿದೆ, ನಾಲಿಗೆ ಸರಿಯಿದೆ, ಕೆಲವು ಮಕ್ಕಳು ನಿಧಾನ, ಇನ್ನು ಆರು ತಿಂಗಳು ನೋಡೋಣ, ಫೋನು ಮಾತ್ರ ಬಿಡಿಸಿ ಎಂದರು ಅವರು.

ಬಸ್ಸಿನಲ್ಲಿ ವಾಪಸು ಬರುವಾಗ ಮಂಜುಳಾ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ರಂಗಕ್ಕ ತಡೆದುಕೊಳ್ಳುತ್ತಿದ್ದಳು. ಫೋನು ಒತ್ತಿದ ಬೆರಳು ತನ್ನದು ಎಂದು ಅವಳಿಗೂ ಗೊತ್ತಿತ್ತು. ಪುರವರದಲ್ಲಿ ಇಳಿದು ಊರು ಮುಟ್ಟಿದವಳೇ, "ನೀನು ಮನೆಗೋಗಮ್ಮ, ನಾನು ಬತ್ತೀನಿ" ಎಂದು ಮಗುವನ್ನು ಸೊಸೆಯ ಕೈಗೆ ಕೊಟ್ಟು, ನೇರ ಊರ ಮುಂದಿನ ಮಾರಮ್ಮನ ಗುಡಿಗೆ ನಡೆದಳು.

ಪೂಜಾರಿ ಪರ್ವತಯ್ಯ ಗುಡಿಯ ಬಾಗಿಲಲ್ಲಿ ಬತ್ತಿ ಹೊಸೆಯುತ್ತಿದ್ದ. ಅವನಿಗೂ ಕೇಳಲಿ ಎಂದು ರಂಗಕ್ಕ ಗಟ್ಟಿಯಾಗಿಯೇ ಸೆರಗೊಡ್ಡಿ ಹೇಳಿದಳು: "ಈ ಮಗೀಗೆ ಮಾತು ಕೊಡು ತಾಯಿ. ಕೆಂಪು ಕುತ್ತಿಗೆ ಹುಂಜ ಐತಲ್ಲ, ಅದು ನಿಂದು. ಬಾಯ್ ಬುಟ್ಟ ತಿಂಗಳೊಳಗೆ ತಂದು ನಿನ್ ಮುಂದೆ ಕುಯ್ಯುಸ್ತೀನಿ."

ಮನೆಗೆ ಬಂದು ಕೆಂಪನ ಕಾಲಿಗೆ ಅರಿಶಿನದ ದಾರ ಕಟ್ಟಿದಳು. ಅವಳ ತಪ್ಪೇನೂ ಇಲ್ಲ. ದೇವರಿಗೆ ಎಂದ ಮೇಲೆ ಕುಂಟು ಕೋಳಿ, ಮುದಿ ಕೋಳಿ ಹೇಳುತ್ತಾರೆಯೇ. ಮನೆಯಲ್ಲಿರುವುದರಲ್ಲಿ ಚೆನ್ನಾಗಿರುವುದನ್ನೇ ಹೇಳಬೇಕು ಎಂದು ಅವಳ ಅವ್ವ ಹೇಳಿಕೊಟ್ಟಿದ್ದು. ಚೆನ್ನಾಗಿರುವುದು ಇನ್ನೊಬ್ಬರಿಗೂ ಚೆನ್ನಾಗಿ ಕಂಡಿರುತ್ತದೆ ಎಂದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮೊದಲ ದಿನ ರಕ್ಷಾ ಬೀರುವಿನ ಮುಂದೆ ಬಿದ್ದು ಹೊರಳಾಡಿದಳು. ಎರಡನೆಯ ದಿನ ಬೀರುವಿಗೆ ಒದ್ದಳು. ಮೂರನೆಯ ದಿನ ಸುಮ್ಮನೆ ಅದರ ಮುಂದೆ ಕೂತು, ಬೀಗದ ಕಡೆ ಬೆರಳು ತೋರಿಸಿಕೊಂಡೇ ನಿದ್ದೆ ಹೋದಳು. ರಂಗಕ್ಕ ಬೀಗ ಹಿಡಿದು ಜಗ್ಗಿ ನೋಡಿದಳು. ಕೀಲಿಕೈ ಸೊಸೆಯ ತಾಳಿಸರದಲ್ಲಿ ಮಧುಗಿರಿಗೆ ಹೋಗಿಬಿಟ್ಟಿತ್ತು, ಇಲ್ಲದಿದ್ದರೆ ಈ ಕತೆ ಇಲ್ಲಿಗೇ ನಿಲ್ಲುತ್ತಿತ್ತು.

ನಾಲ್ಕನೆಯ ದಿನ ಭಾನುವಾರ. ಎಲ್ಲರೂ ಮನೆಯಲ್ಲಿದ್ದರು. ರಂಗಕ್ಕ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಹೊರಗಿನಿಂದ ತನ್ನದೇ ಕೂಗು ಕೇಳಿಸಿತು.

"ಬಾ ಬಾ ಬಾ ಬಾ, ಕೊಕ್ಕೊಕ್ಕೊಕ್ಕೋ."

ಬೀರು ತೆಗೆದರೇನೋ ಎಂದುಕೊಂಡು ಮುದ್ದೆಕೋಲು ಹಿಡಿದೇ ಹೊಸಿಲಿಗೆ ಬಂದಳು. ಅಂಗಳದ ನಡುವೆ ರಕ್ಷಾ ನಿಂತಿದ್ದಳು. ಅವಳಿಗಿಂತ ಅಗಲವಾದ ಮೊರವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. ಕೊನೆಯನ್ನು ಮೇಲಕ್ಕೆಳೆಯುವುದು, ನಡುವೆ ಉಸಿರು ತೆಗೆದುಕೊಳ್ಳುವುದು, ಎಲ್ಲ ಥೇಟ್ ರಂಗಕ್ಕ. ಗೋಡೆಯ ಮೇಲಿಂದ ಕೆಂಪ ಹಾರಿತು. ಮೊರದ ಜೊತೆ ಮಗುವೂ ದಡಕ್ಕನೆ ಕೂತಿತು. ಕೂತಲ್ಲಿಂದಲೇ ಇಲ್ಲದ ಸೆರಗನ್ನು ಬೀಸಿ, "ಅಯ್, ನಿನ್ ಬಾಯ್ಗೆ ಮಣ್ಣಾಕ" ಎಂದಳು ರಕ್ಷಾ. ಆಮೇಲೆ ಬಹಳ ಗಂಭೀರವಾಗಿ ಓಬಳಯ್ಯನ ಹಾಗೆ ಎರಡು ಸಲ ಕೆಮ್ಮಿದಳು.

ಮಂಜುಳಾ ಒಗೆಯುವ ಕಲ್ಲಿನಿಂದ ನೊರೆಗೈಯಲ್ಲೇ ಓಡಿ ಬಂದು ಮಗಳನ್ನು ಅವುಚಿಕೊಂಡು ಅತ್ತಳು, ನಕ್ಕಳು. "ಅತ್ತೆ, ನನ್ ಮಗಳ ಮೊದಲನೆ ಮಾತು ಇದೇನಾ? ಮಣ್ಣಾಕ ಅಂತಾಳಲ್ಲ" ಎಂದಳು.

"ಮಣ್ಣೋ ಚಿನ್ನವೋ, ಬಾಯಿ ಬುಟ್ಲಲ್ಲ ಕಣಮ್ಮ" ಎಂದಳು ರಂಗಕ್ಕ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಆ ನೀರಿನ ನಡುವೆಯೇ ಚೆಲ್ಲಿದ ನುಚ್ಚು ಹೆಕ್ಕುತ್ತಿದ್ದ ಕೆಂಪನ ಕಾಲಿನ ಅರಿಶಿನದ ದಾರ ಕಂಡಿತು.

ಒಳಗೆ ಮುದ್ದೆ ಸೀದು ಹೋಯಿತು.

ಅಲ್ಲಿಂದ ಮುಂದೆ ರಕ್ಷಾಳ ಬಾಯಿಗೆ ದಿನಕ್ಕೊಂದು ಮಾತು ಬಂತು. ಎರಡನೆಯ ಮಾತು "ತಿರ್ಗಾ". ಮೂರನೆಯದು "ಅಮ್ಮ", ಅದಕ್ಕೆ ಮಂಜುಳಾ ಬೀದಿಗೆಲ್ಲ ಸಕ್ಕರೆ ಹಂಚಿದಳು. ಕೆಂಪನಿಗೆ "ಕೊಕ್ಕೋ" ಎಂದು ಹೆಸರಾಯಿತು. ಬೆಳಿಗ್ಗೆ ಎದ್ದ ಕೂಡಲೆ ಕೊಕ್ಕೋ ಎಲ್ಲಿ ಎಂದು ಹುಡುಕಿ, ಮುಟ್ಟಿ ಬಂದ ಮೇಲೇ ಹಾಲು. ತಿಂಗಳು ಮಾತ್ರ ಯಾರಿಗೂ ಕಾಯದೆ ಸರಿಯುತ್ತಿತ್ತು. ಮೂರನೆಯ ವಾರಕ್ಕೆ ರಂಗಕ್ಕನ ಊಟ ಅರ್ಧವಾಯಿತು.

"ಸಂತೇಲಿ ಬೇರೆ ಹುಂಜ ತಂದು ಕೊಡಾನ ಬುಡು. ಹುಂಜ ಹುಂಜವೇ" ಎಂದ ಓಬಳಯ್ಯ.

"ಬಾಯ್ತುಂಬ ಇಂಥದ್ದೇ ಅಂತ ಹೇಳಿದೀನಿ. ಅಮ್ಮನ ಕಣ್ಣಿಗೆ ಮಣ್ಣೆರಚಕ್ಕಾಯ್ತದಾ? ಕೊಟ್ಟ ಕೈಗೆ ಕಿತ್ಕಳದೂ ಗೊತ್ತು. ಆ ಮಗೀನ ಮಾತು ವಾಪಸ್ ಹೋದ್ರೆ ನೀನ್ ತಂದ್ಕೊಡ್ತೀಯ?"

ರಂಗಕ್ಕನ ಹೆದರಿಕೆ ಅದೊಂದೇ. ಹುಂಜ ಕೊಟ್ಟರೆ ಮಗುವಿನ ನಗು ಹೋಗುತ್ತದೆ. ಕೊಡದಿದ್ದರೆ ಮಾತು ಹೋಗುತ್ತದೆ. ನಲವತ್ತು ವರ್ಷ ಎಷ್ಟೋ ಕೋಳಿ ಕತ್ತರಿಸಿ ಸಾರು ಮಾಡಿದ ಹೆಂಗಸು, ಒಂದು ಹುಂಜದ ಮುಂದೆ ಹೀಗೆ ಸೋತು ಕೂರುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮಂಜುಳಾ ಮೆಲ್ಲಗೆ, "ಅತ್ತೆ, ವಿಡಿಯೋದಾಗೆ ಇರ್ತದಲ್ಲ. ಅದ್ನ ತೋರ್ಸಾನ. ಚಿಕ್ಕದು, ಮರ್ತುಬುಡುತ್ತೆ" ಎಂದಳು. ಅದೂ ಆಗಲಿ ಎಂದು ಬೀರು ತೆಗೆದು ಫೋನು ಕೊಟ್ಟು ನೋಡಿದರು. ರಕ್ಷಾ ತಿಂಗಳ ಮೇಲೆ ಸಿಕ್ಕ ಫೋನನ್ನು ಎದೆಗವಚಿಕೊಂಡಳು. ವಿಡಿಯೋ ಓಡಿತು. ಫೋನಿನೊಳಗೆ ಹುಂಜ ಹಾರುವುದಕ್ಕೆ ಮೊದಲೇ ಕೈ ಎತ್ತಿ ನಕ್ಕಳು. ಮುಗಿದ ಮೇಲೆ ತಿರ್ಗಾ ಎನ್ನಲಿಲ್ಲ. ಫೋನನ್ನು ನೆಲಕ್ಕಿಟ್ಟು, ತಿರುಗಿ ಅಂಗಳದ ಗೋಡೆಯ ಕಡೆ ನೋಡಿಕೊಂಡು ಕೂತಳು. ಕೆಂಪನನ್ನು ಓಬಳಯ್ಯ ಬೇಕೆಂದೇ ಹಿತ್ತಲಲ್ಲಿ ಮಂಕರಿ ಕವುಚಿ ಮುಚ್ಚಿದ್ದ. ಗೋಡೆ ಖಾಲಿಯೇ ಇತ್ತು. ಎತ್ತಿದ ಎರಡು ಕೈ ಎತ್ತಿದ ಹಾಗೇ ಇದ್ದವು, ಆಮೇಲೆ ನಿಧಾನಕ್ಕೆ ಇಳಿದವು.

"ಬುಟ್ಬುಡು ಅದ್ನ" ಎಂದು ರಂಗಕ್ಕ ಗಂಡನ ಮೇಲೆ ರೇಗಿದಳು. "ನಾಳಿದ್ದು ಮಂಗಳವಾರ. ನಾನು ಅಮ್ಮನ ಹತ್ರನೇ ಕೇಳ್ಕತೀನಿ."

ಆ ಊರಲ್ಲಿ ಮಾರಮ್ಮನನ್ನು ಕೇಳುವುದೆಂದರೆ ಹೂ ಇಟ್ಟು ಕೇಳುವುದು. ಪೂಜಾರಿ ಒದ್ದೆ ಹೂವನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಮನಸ್ಸಿನ ಮಾತು ಹೇಳಿಕೊಳ್ಳಬೇಕು. ಬಲಗಡೆಯ ಹೂ ಬಿದ್ದರೆ ಆಯಿತು, ಎಡಗಡೆಯದು ಬಿದ್ದರೆ ಇಲ್ಲ. ಮೂರು ಸಲ ಕೇಳಬಹುದು, ಅದರ ಮೇಲೆ ಕೇಳುವುದಿಲ್ಲ.

ಮಂಗಳವಾರ ಬೆಳಿಗ್ಗೆ ರಂಗಕ್ಕ ತಲೆಗೆ ನೀರು ಹಾಕಿಕೊಂಡು, ಮೊಮ್ಮಗಳನ್ನು ಸೊಂಟಕ್ಕೇರಿಸಿ ಹೊರಟಳು. ಹಿಂದೆ ಓಬಳಯ್ಯ, ಕಂಕುಳಲ್ಲಿ ಕೆಂಪ. ಕೊಯ್ಯಬೇಕಾಗಿ ಬಂದರೆ ಇರಲಿ ಎಂದು ಅವನು ಪಂಚೆಯಲ್ಲಿ ಮಚ್ಚನ್ನೂ ಸುತ್ತಿ ತಂದಿದ್ದ. ರಂಗಕ್ಕ ಅದನ್ನು ಕಂಡೂ ಕಾಣದವಳಂತೆ ನಡೆದಳು.

ಪರ್ವತಯ್ಯ ಹೂ ಏರಿಸಿದ. ರಂಗಕ್ಕ ಕೈಮುಗಿದು ಗಟ್ಟಿಯಾಗಿ ಹೇಳಿದಳು: "ಹುಂಜ ನಿಂದೇ ತಾಯಿ, ಇಲ್ಲ ಅನ್ನಲ್ಲ. ಬಸವನ್ನ ಬುಡ್ತಾರಲ್ಲ, ಅಂಗೆ ಇದ್ನೂ ನಿನ್ ಹೆಸರಲ್ಲಿ ಜೀವಂತ ಬುಡ್ತೀನಿ. ಮಾರಲ್ಲ, ಕುಯ್ಯಲ್ಲ. ಒಪ್ಪಿದ್ರೆ ಬಲಗಡೆ ಕೊಡು."

ಎಲ್ಲರೂ ನೋಡುತ್ತಾ ನಿಂತರು. ಎಡಗಡೆಯ ಹೂ ಬಿತ್ತು.

ಎರಡನೆಯ ಸಲ ಐದು ಕಾಯಿ, ತಂಬಿಟ್ಟಿನ ಆರತಿ ಸೇರಿಸಿದಳು. ಎಡಕ್ಕೇ ಬಿತ್ತು. ಮೂರನೆಯ ಸಲ ಅಮ್ಮನಿಗೆ ಹಸಿರು ರೇಷ್ಮೆ ಸೀರೆ ಎಂದಳು. ಎಡಕ್ಕೇ. ಪರ್ವತಯ್ಯ ಕೈ ಒರೆಸಿಕೊಂಡು, "ಮುಗೀತು ರಂಗಕ್ಕ. ಅಮ್ಮ ಒಪ್ತಿಲ್ಲ. ಓಬಳಯ್ಯ, ಹುಂಜನ್ನ ಈ ಕಡೆ ತಾ" ಎಂದ.

ಆಗ ರಂಗಕ್ಕನ ಸೊಂಟದಿಂದ, "ತಿರ್ಗಾ" ಎಂದಿತು ಮಗು.

ಇಷ್ಟು ಹೊತ್ತೂ ರಕ್ಷಾ ಕಣ್ಣು ಮಿಟುಕಿಸದೆ ಅಮ್ಮನವರ ಭುಜ ನೋಡುತ್ತಿದ್ದಳು. ಹೂ ಏರುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ, ಹೂ ಬೀಳುತ್ತದೆ. ಇಂಥ ಆಟ ಅವಳು ಈವರೆಗೆ ಕಂಡಿರಲಿಲ್ಲ. ಮೂರನೆಯ ಸಲ ಹೂ ಬೀಳುವುದಕ್ಕೆ ಮುಂಚೆಯೇ ಎರಡೂ ಕೈ ಎತ್ತಿಬಿಟ್ಟಿದ್ದಳು. "ತಿರ್ಗಾ" ಎಂದು ಇನ್ನೊಮ್ಮೆ ಹೇಳಿ, ಪೂಜಾರಿಯ ಮೂಗಿನ ಕಡೆಗೆ ಬೆರಳು ಚಾಚಿದಳು.

"ಮೂರೇ ಸಲ ಮಗ" ಎಂದ ಪರ್ವತಯ್ಯ.

"ಪೂಜಾರಪ್ಪ, ಇನ್ನೊಂದ್ಸಲ ಇಡು" ಎಂದಳು ರಂಗಕ್ಕ. "ಮಾತೇ ಇಲ್ದಿದ್ದ ಮಗ ಇದು. ಅಮ್ಮ ಕೊಟ್ಟ ಮಾತಲ್ಲೇ ಅಮ್ಮನ್ನ ಕೇಳ್ತೈತೆ. ಇಲ್ಲ ಅನ್ನಕ್ಕೆ ನೀನ್ಯಾರು?"

ಪರ್ವತಯ್ಯ ಎಡಬಲ ನೋಡಿ, ಊರಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೂ ಏರಿಸಿದ. ರಂಗಕ್ಕನ ಹತ್ತಿರ ಉಳಿದಿದ್ದ ದೊಡ್ಡ ಆಸ್ತಿ ಒಂದೇ. ಅದನ್ನೂ ಹೊರತೆಗೆದಳು. "ಇವತ್ನಿಂದ ನಮ್ಮನೇಲಿ ಕೋಳಿ ಸಾರು ಮಾಡಲ್ಲ ತಾಯಿ." ಹಿಂದೆ ನಿಂತಿದ್ದ ಓಬಳಯ್ಯ ತನ್ನ ಕಿವಿಯನ್ನೇ ನಂಬದೆ ಹೆಂಡತಿಯ ಬೆನ್ನು ನೋಡಿದ. ಹೂ ಎಡಕ್ಕೇ ಬಿತ್ತು. ಓಬಳಯ್ಯ ಮನಸ್ಸಿನಲ್ಲೇ ಅಮ್ಮನಿಗೆ ಅಡ್ಡಬಿದ್ದ.

"ತಿರ್ಗಾ" ಎಂದಳು ರಕ್ಷಾ.

ರಂಗಕ್ಕ ಮಗುವಿನೊಡನೆ ಗುಡಿಯ ನೆಲದ ಮೇಲೆ ಕೂತುಬಿಟ್ಟಳು. ಪರ್ವತಯ್ಯ ಅವಳ ಮುಖ ನೋಡಿ, ಐದನೆಯ ಸಲ ಹೂ ಅದ್ದಿದ. ಬಲಗಡೆಯ ಹೂವಿಗೆ ನೀರು ಒಂದು ಗುಟುಕು ಜಾಸ್ತಿಯಾಗಿ ಅಂಟು ಸಡಿಲವಾಯಿತೋ ಏನೋ, ನಾವಂತೂ ನೋಡಿಲ್ಲ. ಅವನಿಗೂ ಮನೆಯಲ್ಲಿ ಮೊಮ್ಮಕ್ಕಳಿದ್ದರು ಎಂಬುದು ಮಾತ್ರ ಗೊತ್ತು.

ಈ ಸಲ ರಂಗಕ್ಕ ಗಟ್ಟಿಯಾಗಿ ಹೇಳಲಿಲ್ಲ. ಪಕ್ಕದ ಮನೆಯವಳ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದಳು. "ಇನ್ನೇನೂ ಇಲ್ಲ ಕಣಮ್ಮ ನನ್ನತ್ರ. ಸುಮ್ನೆ ಕೇಳ್ತಿದೀನಿ. ಈ ಮಗ ದಿನಾ ನನ್ನ ಐವತ್ ಸಲ ಕೇಳ್ತದೆ. ಕೈಯಲ್ಲಿ ಒಂದ್ ಕಾಳೂ ಇಟ್ಕಂಡು ಕೇಳಲ್ಲ. ನಾನು ಒಂದ್ಸಲನೂ ಇಲ್ಲ ಅಂದಿಲ್ಲ. ಸಗಣಿ ಕೈಯಲ್ಲಿದ್ರೆ ಮೂಗಲ್ ಒತ್ತಿದೀನಿ. ನೀನೂ ತಾಯಿ ಅಲ್ವಾ."

ಕೆಂಪ ಓಬಳಯ್ಯನ ಕಂಕುಳಲ್ಲಿ ಕತ್ತು ಓರೆ ಮಾಡಿ ನೋಡುತ್ತಿತ್ತು. ರಕ್ಷಾ ಎರಡೂ ಕೈ ಎತ್ತಿದಳು, ಉಸಿರು ಬಿಗಿಹಿಡಿದಳು, ಇನ್ನೂ ಏನೂ ಆಗದಿರುವಾಗಲೇ ನಗಲು ಶುರು ಮಾಡಿದಳು.

ಬಲಗಡೆಯ ಹೂ ಜಾರಿ, ಅಮ್ಮನ ತೋಳಿನ ಮೇಲೆ ಒಂದು ಕ್ಷಣ ನಿಂತು, ನೆಲಕ್ಕೆ ಬಿತ್ತು.

ಪರ್ವತಯ್ಯ ಗಂಟೆ ಬಾರಿಸಿದ. ಓಬಳಯ್ಯನ ಪಂಚೆಯಿಂದ ಮಚ್ಚು ಠಣ್ಣನೆ ಜಾರಿ ಬಿತ್ತು, ಅದರ ಜೊತೆಗೇ ಹುಂಜವೂ ಅವನ ಕೈತಪ್ಪಿ ಹಾರಿ ಗುಡಿಯ ಹೊಸಿಲ ಮೇಲೆ ಕೂತಿತು. ರಂಗಕ್ಕ ಹಣೆಯನ್ನು ನೆಲಕ್ಕೆ ಹಚ್ಚಿ ಏಳುವಷ್ಟರಲ್ಲಿ, ಎಡ ಯಾವುದು ಬಲ ಯಾವುದು ಎಂಬ ಹಂಗಿಲ್ಲದ ಮೊಮ್ಮಗಳು ಅಮ್ಮನವರಿಗೆ ಬೆರಳು ತೋರಿಸಿ, ಸ್ಪಷ್ಟವಾಗಿ ಬಾಯಿ ತೆರೆದಳು.

"ತಿರ್..."

ಈ ಬಾಯಿ ಒಂದು ಸಲ ತೆರೆಯಲಿ ಎಂದು ಇದೇ ಗುಡಿಯಲ್ಲಿ ಸೆರಗೊಡ್ಡಿ ಬೇಡಿದ್ದ ರಂಗಕ್ಕ, ಎರಡೂ ಅಂಗೈಯಲ್ಲಿ ಅದನ್ನು ಗಟ್ಟಿಯಾಗಿ ಮುಚ್ಚಿದಳು. "ಸಾಕು ಕಣ್ ಮಗ, ಸಾಕು" ಎಂದು ಮಗುವನ್ನು ಎತ್ತಿಕೊಂಡು ಹೊಸಿಲು ದಾಟಿ ನಡೆದೇಬಿಟ್ಟಳು. ದಾರಿಯುದ್ದಕ್ಕೂ ಹುಂಜ ಮುಂದೆ ಮುಂದೆ ಹೋಗುತ್ತಿತ್ತು, ಅಂಗೈಯೊಳಗೆ ಮೊಮ್ಮಗಳ ಮಾತು ಬಿಸಿಯಾಗಿ ಮತ್ತೆ ಮತ್ತೆ ತಾಗುತ್ತಿತ್ತು.